ಸಂಘದ ಮಕ್ಕಳಿಗೆ ಗಿಡ್ಡ ಕುದುರೆ ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ, ಗೊತ್ತಿದ್ದವರು ಹೇಳಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕಿನಲ್ಲಿ ನಮ್ಮದೊಂದು ಯುವಕ ಸಂಘ ಇದೆ. ಗಣಪತಿ ಕೂರಿಸುವುದು, ವಾಲಿಬಾಲ್ ಟೂರ್ನಮೆಂಟ್, ರಕ್ತದಾನ ಶಿಬಿರ, ಇಷ್ಟು ಬಿಟ್ಟರೆ ಬೇರೆ ಏನೂ ಮಾಡಿದವರಲ್ಲ ನಾವು. ಈಗ ನಮ್ಮ ಪಕ್ಕದ ಹೋಂಸ್ಟೇಯವರು ಮೂರು ಗಿಡ್ಡ ಕುದುರೆ ತಂದು ಕಟ್ಟಿದ್ದಾರೆ. ಮಿನಿಯೇಚರ್ ಅಂತಾರಲ್ಲ, ಅವು. ಊರಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಮನೆಗೆ ಹೋಗುವುದೇ ಇಲ್ಲ, ಆ ಬೇಲಿ ಹತ್ತಿರವೇ ನಿಂತಿರುತ್ತವೆ. ಭಾನುವಾರ ಮಕ್ಕಳನ್ನು ಕರ್ಕೊಂಡು ಬನ್ನಿ, ಸಂಘದಿಂದ ಏನಾದರೂ ಕಾರ್ಯಕ್ರಮ ಮಾಡಿ ಅಂತ ಹೋಂಸ್ಟೇಯವರೇ ಹೇಳಿದ್ದಾರೆ. ನಾಲ್ಕನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳಿದ್ದಾರೆ. ನಮಗೆಲ್ಲ ದನ ಗೊತ್ತು, ಕುದುರೆ ಗೊತ್ತಿಲ್ಲ. ಏನು ಕಲಿಸೋದು? ಸವಾರಿ ಮಾಡಿಸಬಹುದಾ? ಮಳೆಗಾಲದಲ್ಲಿ ಏನು ಮಾಡೋದು? ಒಬ್ಬರಾದರೂ ಮಾಡಿದವರು ಸಿಕ್ಕಿದರೆ ಉಪಕಾರ.

ನಗರದ ಕೋಟೆ:
ಮಕ್ಕಳಿಗೆ ಮೊದಲು ಈಜು ಕಲಿಸಿ ಮಾರಾಯ್ರೇ. ತುಂಗೆ ಪಕ್ಕದಲ್ಲೇ ಇದ್ದಾಳೆ. ಕುದುರೆಯಂತೆ ಕುದುರೆ.

ಸಾಗರದ ದನದ ಡಾಕ್ಟ್ರು:
ಸವಾರಿ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಅಮೆರಿಕದ ಮಿನಿಯೇಚರ್ ಕುದುರೆ ಸಂಘದ ಲೆಕ್ಕದಲ್ಲಿ ಈ ತಳಿಯ ಎತ್ತರ 34 ಇಂಚು ದಾಟಬಾರದು. ಅಂದರೆ ಸುಮಾರು 86 ಸೆಂಟಿಮೀಟರ್. ಅದನ್ನು ತಲೆಯಿಂದ ಅಳೆಯುವುದಲ್ಲ, ಕತ್ತಿನ ಕೂದಲು ಮುಗಿದು ಬೆನ್ನು ಶುರುವಾಗುತ್ತದಲ್ಲ, ಅಲ್ಲಿಂದ ನೆಲಕ್ಕೆ. ಇಷ್ಟು ಗಿಡ್ಡ ಪ್ರಾಣಿ 80ರಿಂದ 100 ಕೆಜಿ ತೂಗಿದರೆ ಜಾಸ್ತಿ. ಅದರ ಮೇಲೆ 30 ಕೆಜಿಗಿಂತ ಹೆಚ್ಚಿನ ಮಗುವನ್ನು ಕೂರಿಸುವುದೇ ತಪ್ಪು, ನಿಮ್ಮ ಏಳನೇ ಕ್ಲಾಸಿನ ಹುಡುಗರು ಅದಕ್ಕಿಂತ ಜಾಸ್ತಿ ಇರುತ್ತಾರೆ. ಒಬ್ಬನನ್ನು ಕೂರಿಸಿದರೆ ಎಲ್ಲರೂ ಸಾಲು ನಿಲ್ಲುತ್ತಾರೆ. ಆಮೇಲೆ ತಡೆಯುವವರು ಯಾರು?

ಎರಡನೆಯದು, ಆ ಮೂರು ನಿಜವಾಗಿ ಮಿನಿಯೇಚರ್ ಹೌದಾ ಅಂತ ಅಳೆದು ನೋಡಿ. ನಮ್ಮ ಕಡೆ ಚಿಕ್ಕದಾಗಿ ಕಂಡ ತಟ್ಟುವನ್ನೆಲ್ಲ ಆ ಹೆಸರಲ್ಲಿ ಮಾರುತ್ತಾರೆ. ವಯಸ್ಸಿಗೆ ಬಾರದ ಮರಿಯನ್ನೂ ಮಾರುತ್ತಾರೆ. ಹಲ್ಲು ನೋಡಿದರೆ ಗೊತ್ತಾಗುತ್ತದೆ. ತಟ್ಟು ಆದರೂ ಪರವಾಗಿಲ್ಲ, ಕಾರ್ಯಕ್ರಮ ಮಾಡಬಹುದು, ಆದರೆ ಮೇವಿನ ಲೆಕ್ಕ ಬೇರೆ ಆಗುತ್ತದೆ.

ಮಕ್ಕಳನ್ನು ಒಳಗೆ ಬಿಡುವ ಮೊದಲು ಒಂದು ಕೆಲಸ ಆಗಲೇಬೇಕು. ಗ್ಲ್ಯಾಂಡರ್ಸ್ ಅಂತ ಒಂದು ರೋಗ ಇದೆ, ಕುದುರೆ, ಕತ್ತೆ, ಹೇಸರಗತ್ತೆಗೆ ಬರುತ್ತದೆ, ಅವುಗಳಿಂದ ಮನುಷ್ಯರಿಗೂ ಬರುತ್ತದೆ. 1899ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿದ್ದಾರೆ ಅಂದರೆ ಲೆಕ್ಕ ಹಾಕಿ. ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಬೇಕು. ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ಈ ಪರೀಕ್ಷೆಗೆ ದೊಡ್ಡ ಜಾಗ. ನಿಮ್ಮ ತಾಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ, ಅವರು ದಾರಿ ಹೇಳುತ್ತಾರೆ. ಧನುರ್ವಾಯು ಮತ್ತು ರೇಬೀಸ್ ಲಸಿಕೆ ಎರಡೂ ಆಗಿರಬೇಕು. ಸಾಕು ಪ್ರಾಣಿಗಳಲ್ಲಿ ಧನುರ್ವಾಯು ಕುದುರೆಗೆ ತಗುಲಿದಷ್ಟು ಸುಲಭವಾಗಿ ಬೇರೆಯದಕ್ಕೆ ತಗಲುವುದಿಲ್ಲ.

ಕೊಲಂಬಸ್ ಮಲೆನಾಡಿಗ:
ನಮ್ಮೂರು ಶೃಂಗೇರಿ ಕಡೆ, ಈಗ ಇರುವುದು ಓಹಿಯೋದಲ್ಲಿ. ನನ್ನ ಮಗಳು ಇಲ್ಲಿ ಫೋರ್-ಎಚ್ ಅಂತ, ಮಕ್ಕಳಿಗೆ ಬೆಳೆ ಬೆಳೆಸುವುದು ಪ್ರಾಣಿ ಸಾಕುವುದು ಕಲಿಸುವ ಕ್ಲಬ್ಬಿನಲ್ಲಿ ಮಿನಿಯೇಚರ್ ಕುದುರೆ ಪ್ರಾಜೆಕ್ಟ್ ಮಾಡಿದ್ದಾಳೆ, ಹಾಗಾಗಿ ಬರೆಯುತ್ತಿದ್ದೇನೆ. ಈ ಫೋರ್-ಎಚ್ ಹುಟ್ಟಿದ್ದೇ ಈ ರಾಜ್ಯದಲ್ಲಿ. 1902ರಲ್ಲಿ ಗ್ರಹಾಂ ಅಂತ ಒಬ್ಬ ಶಾಲಾ ಅಧಿಕಾರಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೈತರ ಮಕ್ಕಳನ್ನು ಸೇರಿಸಿ ಜೋಳ, ಟೊಮೆಟೊ ಬೆಳೆಸಲು ಹೇಳಿಕೊಟ್ಟ. ಅಲ್ಲಿಂದ ಬೆಳೆದಿದ್ದು. ಈಗಲೂ ಅದೇ ಪದ್ಧತಿ. ಒಂದು ಮಗು, ಒಂದು ಪ್ರಾಣಿ ಅಥವಾ ಒಂದು ಬೆಳೆ, ಒಂದು ವರ್ಷ.

ಹೊರಗಿನವರು ನೋಡುವುದು ಕೊನೆಯ ಮೇಳ ಮಾತ್ರ. ಅಲ್ಲಿ ಮಕ್ಕಳು ಬಿಳಿ ಅಂಗಿ ಹಾಕಿಕೊಂಡು ಕುದುರೆ ಹಿಡಿದು ನಿಂತಿರುತ್ತಾರೆ. ಆದರೆ ಇಡೀ ವರ್ಷ ನಡೆಯುವುದು ಒಂದು ಪುಸ್ತಕದ ಮೇಲೆ. ಎಷ್ಟು ಮೇವು ಹಾಕಿದೆ, ಎಷ್ಟು ಖರ್ಚಾಯಿತು, ಗೊರಸು ಕತ್ತರಿಸಿದ್ದು ಯಾವಾಗ, ಡಾಕ್ಟರು ಬಂದು ಏನು ಹೇಳಿದರು, ಎಲ್ಲ ಮಗುವೇ ಬರೆಯಬೇಕು. ಅಪ್ಪ ಅಮ್ಮ ಬರೆದುಕೊಟ್ಟರೆ ನಡೆಸುವವರಿಗೆ ಗೊತ್ತಾಗಿಬಿಡುತ್ತದೆ. ನನ್ನ ಮಗಳಿಗೆ ಗಣಿತ ಅಂದರೆ ಆಗುತ್ತಿರಲಿಲ್ಲ, ಈ ಪುಸ್ತಕಕ್ಕೆ ಮಾತ್ರ ಕೂತು ಲೆಕ್ಕ ಮಾಡುತ್ತಿದ್ದಳು.

ಎಂಟು ವರ್ಷಕ್ಕಿಂತ ಚಿಕ್ಕವರಿಗೆ ಕ್ಲೋವರ್‌ಬಡ್ ಅಂತ ಬೇರೆ ಗುಂಪು, ಅವರಿಗೆ ಸ್ಪರ್ಧೆ ಇಲ್ಲ. ಸ್ವಂತ ಕುದುರೆ ಇಲ್ಲದ ಮಕ್ಕಳಿಗೂ ಒಂದು ಪ್ರಾಜೆಕ್ಟ್ ಇದೆ. ಕುದುರೆ ಮುಟ್ಟದೆಯೇ ಅದರ ಅಂಗಾಂಗ, ಮೇವು, ರೋಗ, ಬಣ್ಣ, ಸಲಕರಣೆ ಎಲ್ಲ ಕಲಿಯುವುದು. ನಿಮ್ಮಲ್ಲಿ ಮೂರೇ ಕುದುರೆ ಇರುವುದರಿಂದ ಇದು ನಿಮಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ. ಕುದುರೆಗೆ ಮೂರು ಮಕ್ಕಳ ಹಾಗೆ ಗುಂಪು ಮಾಡಿ, ಉಳಿದವರು ಆ ವಾರ ಪುಸ್ತಕದ ಕೆಲಸ, ಮುಂದಿನ ವಾರ ಅದಲು ಬದಲು.

ಸವಾರಿ ಇಲ್ಲ ಅಂದರೆ ಮಕ್ಕಳು ಬೇಜಾರಾಗುತ್ತಾರೆ ಅಂತ ಹೆದರಬೇಡಿ. ಇಲ್ಲಿ ಮಿನಿಯೇಚರ್ ವಿಭಾಗದಲ್ಲಿ ದೊಡ್ಡ ಮಕ್ಕಳು ಯಾರೂ ಸವಾರಿ ಮಾಡುವುದಿಲ್ಲ. ಹಗ್ಗ ಹಿಡಿದು ಪಕ್ಕದಲ್ಲಿ ಓಡುತ್ತಾ ಕುದುರೆಯನ್ನು ಚಿಕ್ಕ ಅಡ್ಡಗಂಬ ಹಾರಿಸುವುದಿದೆ. ಸೇತುವೆ, ಟಾರ್ಪಾಲು, ಪ್ಲಾಸ್ಟಿಕ್ ಬಾಟಲಿ ರಾಶಿ ದಾಟಿಸುವ ಅಡೆತಡೆ ಓಟ ಇದೆ. ಶೋಮನ್‌ಶಿಪ್ ಅಂತ ಒಂದಿದೆ, ಅದರಲ್ಲಿ ಅಂಕ ಕುದುರೆಯ ಅಂದಕ್ಕಲ್ಲ, ಮಗು ಅದನ್ನು ಹೇಗೆ ನಡೆಸುತ್ತದೆ, ಎಲ್ಲಿ ನಿಲ್ಲುತ್ತದೆ, ಹೇಗೆ ತಿರುಗಿಸುತ್ತದೆ ಅನ್ನುವುದಕ್ಕೆ. ಬಡವರ ಮಗುವಿನ ಸಾಮಾನ್ಯ ಕುದುರೆಗೂ ಬಹುಮಾನ ಬರುತ್ತದೆ. ನನಗೆ ತುಂಬ ಹಿಡಿಸಿದ್ದು ಇದೇ.

ಹೊಸನಗರದ ಊರುದನ:
ಎಲ್ಲ ಸರಿ. ಆದರೆ 86 ಸೆಂಟಿಮೀಟರ್ ಅಂತ ಡಾಕ್ಟ್ರು ಬರೆದಿದ್ದು ಓದಿ ನಗು ಬಂತು. ನಮ್ಮ ಮಲೆನಾಡು ಗಿಡ್ಡ ದನದ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ ಅಲ್ವಾ? ತೂಕವೂ ಅಷ್ಟೇ. ನಿಮ್ಮ ಕೊಟ್ಟಿಗೆಯಲ್ಲೇ ಇರುವ ಪ್ರಾಣಿ, ರಾಷ್ಟ್ರೀಯ ತಳಿ ಪಟ್ಟಿಯಲ್ಲಿ ನೋಂದಣಿ ಆಗಿರುವ ತಳಿ, ಆಗುಂಬೆ ಮಳೆಯಲ್ಲೂ ಗುಡ್ಡದ ಮೇಲೆ ಮೇಯ್ದು ಬರುತ್ತದೆ. ಅದನ್ನು ಬಿಟ್ಟು ಅಮೆರಿಕದ ಕುದುರೆ ಹಿಂದೆ ಹೋಗುವುದು ಯಾಕೆ? ಈಗಿನ ಮಕ್ಕಳಿಗೆ ಕಣ್ಣಿ ಕಟ್ಟಲು ಬರುವುದಿಲ್ಲ. ದೀಪಾವಳಿ ಗೋಪೂಜೆಗೆ ದನಕ್ಕೆ ಅಡಿಕೆ ಸರ ಕಟ್ಟಿ ಫೋಟೋ ತೆಗೆಯುತ್ತಾರೆ, ಮಾರನೇ ದಿನ ಸಗಣಿ ಬಾಚು ಅಂದರೆ ಕಾಣೆ.

ತುಂಗಾತೀರ:
ಊರುದನ ಅಣ್ಣ, ನೀವು ಹೇಳುವುದು ಸರಿ. ಆದರೆ ಮಕ್ಕಳು ಬರುತ್ತಿರುವುದು ಕುದುರೆಗೆ. ಗಿಡ್ಡದ ಕರು ಹಿಡಿದುಕೊಂಡು ನಿಂತರೆ ಒಬ್ಬನೂ ಬರಲ್ಲ.

ಹೊಸನಗರದ ಊರುದನ:
ಅದಕ್ಕೇ ಹೇಳಿದ್ದು. ಕುದುರೆ ತೋರಿಸಿ ಕರೆಯಿರಿ, ಬಂದವರಿಗೆ ಕರುವನ್ನೂ ಕೊಡಿ. ಮೂರು ಕುದುರೆಗೆ ಅಷ್ಟು ಮಕ್ಕಳಾದರೆ ಉಳಿದವರು ಸುಮ್ನೆ ಯಾಕೆ ನೋಡುತ್ತಾ ಕೂರಬೇಕು? ಅಳತೆ, ತೂಕ, ಗೊರಸು, ಪುಸ್ತಕ ಎಲ್ಲ ಕರುವಿಗೂ ಅದೇ. ಆದರೆ ಗಿಡ್ಡ ಬೇಲಿ ಹಾರುವುದರಲ್ಲಿ ಕುದುರೆಯನ್ನು ಮೀರಿಸುತ್ತದೆ, ಅದು ಮಾತ್ರ ಗಮನದಲ್ಲಿರಲಿ.

ಕೊಪ್ಪದಿಂದ ಒಬ್ಬ ತಾಯಿ:
ನನ್ನ ಮಗನನ್ನು ಕಳಿಸಬೇಕಾದರೆ ನಾನು ಕೇಳುವುದನ್ನೇ ಇಲ್ಲಿ ಕೇಳುತ್ತೇನೆ. ಅಲ್ಲಿ ದೊಡ್ಡವರು ಎಷ್ಟು ಜನ ಇರುತ್ತಾರೆ? ಹೆಣ್ಣುಮಕ್ಕಳೂ ಬರುತ್ತಾರೆ ಅಂದರೆ ಒಬ್ಬ ಹೆಂಗಸಾದರೂ ಇರಬೇಕು. ಯಾವ ಮಗುವೂ ಒಬ್ಬನೇ ದೊಡ್ಡವನ ಜೊತೆ ಕೊಟ್ಟಿಗೆ ಒಳಗೆ ಇರಬಾರದು, ಯಾವಾಗಲೂ ಇಬ್ಬರು ದೊಡ್ಡವರು ಬೇಕು. ಕುದುರೆ ಒದ್ದರೆ ಯಾರ ಜವಾಬ್ದಾರಿ? ಹತ್ತಿರದ ಆಸ್ಪತ್ರೆ ಎಷ್ಟು ದೂರ, ಗಾಡಿ ಇರುತ್ತದಾ? ಮಕ್ಕಳಿಗೆ ಟಿಟಿ ಇಂಜೆಕ್ಷನ್ ಆಗಿದೆಯಾ ಅಂತ ನೋಡುವವರು ಯಾರು? ಚಿಕ್ಕ ಕುದುರೆ ಅಂದ ಮಾತ್ರಕ್ಕೆ ಗೊಂಬೆ ಅಲ್ಲವಲ್ಲ.

ಮತ್ತೆ ಇನ್ನೊಂದು. ಹೋಂಸ್ಟೇಯವರು ಯಾಕೆ ಇಷ್ಟು ಉದಾರ? ಸಗಣಿ, ಅಲ್ಲಲ್ಲ ಲದ್ದಿ, ಬಾಚಲು ಬಿಟ್ಟಿ ಜನ ಸಿಗುತ್ತಾರೆ ಅಂತಾನಾ?

ನಗರದ ಕೋಟೆ:
ಅಕ್ಕ ಸರಿಯಾದ ಜಾಗಕ್ಕೇ ಬಂದರು.

ತುಂಗಾತೀರ:
ಇಲ್ಲ ಅಂತ ಹೇಳಲಾರೆ. ಮಾತಿನ ಮಧ್ಯೆ, ಗೆಸ್ಟ್ ಬಂದಾಗ ಮಕ್ಕಳೇ ಕುದುರೆ ಹಿಡಿದು ಒಂದು ಸುತ್ತು ತೋರಿಸಿದರೆ ಚೆನ್ನಾಗಿರುತ್ತದೆ, ಸಣ್ಣ ಮಕ್ಕಳನ್ನು ಕೂರಿಸಿ ಫೋಟೋ ತೆಗೆಸಬಹುದು ಅಂತಲೂ ಅವರು ಹೇಳಿದ್ದರು. ಆಗ ನಾನು ಅದಕ್ಕೆ ಗಮನ ಕೊಟ್ಟಿರಲಿಲ್ಲ.

ಸಾಗರದ ದನದ ಡಾಕ್ಟ್ರು:
ಅದು ಬೇರೆಯದೇ ವ್ಯವಹಾರ. ಟಿಕೆಟ್ ಇಟ್ಟು ಪ್ರಾಣಿಯಿಂದ ಪ್ರದರ್ಶನ ಮಾಡಿಸಿದರೆ 2001ರ ನಿಯಮದ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಸಂಘ ಅದರಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ. ಒಂದು ಹಾಳೆಯಲ್ಲಿ ಒಪ್ಪಂದ ಬರೆದುಕೊಳ್ಳಿ. ಕುದುರೆ ಅವರದ್ದು, ಮೇವು ಔಷಧಿ ಖರ್ಚು ಅವರದ್ದು, ಭಾನುವಾರ ಬೆಳಿಗ್ಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆ ಸಂಘದ್ದು, ಆ ಹೊತ್ತಲ್ಲಿ ಗೆಸ್ಟ್ ಒಳಗೆ ಬರುವ ಹಾಗಿಲ್ಲ, ಮಕ್ಕಳ ಫೋಟೋವನ್ನು ಜಾಹೀರಾತಿಗೆ ಬಳಸುವ ಹಾಗಿಲ್ಲ. ಇದಕ್ಕೆ ಅವರು ಒಪ್ಪಲಿಲ್ಲ ಅಂದರೆ ಊರುದನ ಅವರ ಕರುವೇ ಗತಿ.

ಈಗ ಮೇವಿನ ವಿಷಯ. ನನಗೆ ನಿಜವಾಗಿ ಭಯ ಇರುವುದು ಇಲ್ಲಿ. ಒದೆಯುವುದು ಕಚ್ಚುವುದೆಲ್ಲ ಆಮೇಲೆ. ನೀವು ದನ ಸಾಕಿದವರು ಅಂದಿರಿ. ದನಕ್ಕೆ ಒಳ್ಳೆಯದು ಅಂತ ನಾವು ಮಾಡುವ ಅರ್ಧ ಕೆಲಸ ಕುದುರೆಗೆ ವಿಷ.

ತೌಡು ಹಾಕಬೇಡಿ. ಮಕ್ಕಳು ಪ್ರೀತಿಯಿಂದ ಮನೆಯಿಂದ ಅಕ್ಕಚ್ಚು, ತೌಡು ತಂದು ಇಡುತ್ತಾರೆ, ಖಂಡಿತ ಬೇಡ. ತೌಡಿನಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ಕುದುರೆ ದಿನಾ ಅದನ್ನೇ ತಿಂದರೆ ದೇಹ ತನ್ನ ಮೂಳೆಯಿಂದಲೇ ಸುಣ್ಣದಂಶ ಎಳೆದುಕೊಳ್ಳುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ. ಹೈಬ್ರಿಡ್ ನೇಪಿಯರ್ ಹುಲ್ಲೂ ಅದೇ ಕಥೆ, ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಹಸು ಅದನ್ನು ಅರಗಿಸಿಕೊಳ್ಳುತ್ತದೆ, ಅದರ ಹೊಟ್ಟೆಯ ವ್ಯವಸ್ಥೆ ಬೇರೆ. ಬರೀ ನೇಪಿಯರ್ ಮೇಲೆ ಕುದುರೆ ಸಾಕಲು ಹೋಗಬೇಡಿ.

ಕೋಳಿ ಆಹಾರ, ಕೆಲವು ದನದ ಹಿಂಡಿಯಲ್ಲಿ ಮೊನೆನ್ಸಿನ್ ಅಂತ ಒಂದು ಔಷಧಿ ಬೆರೆಸಿರುತ್ತಾರೆ. ಕುದುರೆಗೆ ಅದು ಹೃದಯಕ್ಕೇ ಹೊಡೆಯುತ್ತದೆ, ಸ್ವಲ್ಪವೇ ಸಾಕು. ದನದ ಉಣುಗಿಗೆ ಹೊಡೆಯುವ ಅಮಿಟ್ರಾಜ್ ಕುದುರೆಗೆ ಹೊಡೆಯಬಾರದು, ಕರುಳು ನಿಂತುಹೋಗುತ್ತದೆ. ಬೇಲಿಯಲ್ಲಿ ಕಣಗಿಲೆ ಇದ್ದರೆ ಇವತ್ತೇ ಕಡಿಸಿ, ಹೋಂಸ್ಟೇಗಳಲ್ಲಿ ಅಂದಕ್ಕೆ ಅಂತ ನೆಟ್ಟಿರುತ್ತಾರೆ. ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದ ಹುಲ್ಲನ್ನು ಕೊಯ್ದು ತಂದು ಹಾಕಬೇಡಿ. ಬೂಸ್ಟು ಹಿಡಿದ ಹುಲ್ಲು ದನ ತಿಂದರೂ ಕುದುರೆಗೆ ಬೇಡ, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವು ಬಂದರೆ ಹೊರಳಾಡಿ ಸಾಯುತ್ತದೆ.

ಹಾಗಾದರೆ ಏನು ಹಾಕೋದು? ಚೆನ್ನಾಗಿ ಒಣಗಿದ ಕರಡದ ಹುಲ್ಲು, ದಿನಕ್ಕೆ ಮೈ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು. 80 ಕೆಜಿ ಕುದುರೆಗೆ 1.2ರಿಂದ 1.6 ಕೆಜಿ. ಅದನ್ನು ಎರಡು ಮೂರು ಹೊತ್ತಿಗೆ ಹಂಚಿ. ಉಪ್ಪು, ನೀರು ಯಾವಾಗಲೂ ಇರಲಿ. ಅಷ್ಟೇ. ಇವುಗಳ ದೊಡ್ಡ ಕಾಯಿಲೆಯೇ ಬೊಜ್ಜು. ಬೊಜ್ಜು ಬಂದರೆ ಗೊರಸಿನ ಒಳಗೆ ಉರಿಯೂತ ಆಗಿ ನಡೆಯಲಾರದೆ ನಿಲ್ಲುತ್ತವೆ. ಹಾಗಂತ ಉಪವಾಸ ಕೆಡವಿ ಇಳಿಸಲು ಹೋಗಬೇಡಿ. ದಪ್ಪಗಿರುವ ಗಿಡ್ಡ ಕುದುರೆ ಒಂದೆರಡು ದಿನ ಮೇವು ಬಿಟ್ಟರೆ ಮೈ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಲಿವರ್ ಹಾಳಾಗುತ್ತದೆ. ಮೇವು ಬಿಟ್ಟಿದೆ ಅಂತ ಗೊತ್ತಾದ ದಿನವೇ ಫೋನ್ ಮಾಡಬೇಕು, ನಾಳೆ ನೋಡೋಣ ಅನ್ನಬಾರದು.

ಭದ್ರಾವತಿ ಜಟಕಾ:
ಡಾಕ್ಟ್ರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನಮ್ಮಜ್ಜ ಜಟಕಾ ಓಡಿಸುತ್ತಿದ್ದರು. ಕುದುರೆ ದಪ್ಪ ಆಗಿದೆಯಾ ಅಂತ ಅವರು ಕಣ್ಣಲ್ಲಿ ನೋಡುತ್ತಿರಲಿಲ್ಲ, ಕೈ ಇಟ್ಟು ಪಕ್ಕೆಲುಬು ಎಣಿಸುತ್ತಿದ್ದರು. ಈ ಗಿಡ್ಡ ಕುದುರೆಗಳಿಗಂತೂ ಕೂದಲು ಜಾಸ್ತಿ, ಒಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಮಕ್ಕಳಿಗೆ ಇದನ್ನು ಕಲಿಸಿ.

ಗಾಡಿ ಕಟ್ಟುವ ಆಸೆ ಇದ್ದರೆ ಇರಲಿ, ಗಿಡ್ಡ ಕುದುರೆ ಸಮತಟ್ಟು ಜಾಗದಲ್ಲಿ ಹಗುರ ಗಾಡಿ ಚೆನ್ನಾಗಿ ಎಳೆಯುತ್ತದೆ. ಆದರೆ ಆತುರ ಬೇಡ. ಮೊದಲು ಎರಡು ಉದ್ದ ಹಗ್ಗ ಕಟ್ಟಿ ಹಿಂದೆ ಹಿಂದೆ ನಡೆಯುತ್ತಾ ತಿರುಗುವುದು ನಿಲ್ಲುವುದು ಕಲಿಸಬೇಕು. ಆಮೇಲೆ ಹಿಂದೆ ಒಂದು ಹಗುರ ಮರದ ತುಂಡು ಎಳೆಸಿ ಸದ್ದಿಗೆ ರೂಢಿ ಮಾಡಬೇಕು. ಅದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಬೆದರಿದ ಕುದುರೆ ಗಾಡಿ ಸಮೇತ ಓಡಿತೆಂದರೆ ನಿಲ್ಲಿಸುವವರಿಲ್ಲ. ನಿಮ್ಮ ಕಡೆ ರಸ್ತೆ ಎಲ್ಲ ಏರು ಇಳಿಜಾರು, ಗಾಡಿಯನ್ನು ರಸ್ತೆಗೆ ತರಲೇಬೇಡಿ. ಲಾಳ ಬೇಕಾಗಿಲ್ಲ, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿದರೆ ಸಾಕು.

ಕುದುರೆ ಹಿಂದೆ ಹೋಗಬೇಕಾದರೆ ಮೈಗೆ ಕೈ ತಾಗಿಸಿಕೊಂಡೇ ಹೋಗಿ, ಇಲ್ಲವೇ ಒದೆ ತಗುಲದಷ್ಟು ದೂರ ಹೋಗಿ. ನಡುವೆ ನಿಲ್ಲಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಬೇಡವೇ ಬೇಡ. ಚಪ್ಪಲಿ ಹಾಕಿಕೊಂಡು ಬಂದ ಮಗುವನ್ನು ಒಳಗೆ ಬಿಡಬೇಡಿ, ಶಾಲೆ ಶೂ ಆದರೂ ಇರಲಿ.

ಕೊಲಂಬಸ್ ಮಲೆನಾಡಿಗ:
ತೂಕದ ಲೆಕ್ಕ ಮಕ್ಕಳ ಕೈಲೇ ಮಾಡಿಸಿ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿ ಬರುತ್ತದೆ, ಅಳತೆ ಸೆಂಟಿಮೀಟರಿನಲ್ಲಿ. ಸುತ್ತಳತೆ 100, ಉದ್ದ 95 ಇದ್ದರೆ ಹತ್ತಿರ ಹತ್ತಿರ 80 ಕೆಜಿ. ಇದು ದೊಡ್ಡ ಕುದುರೆಯ ಸೂತ್ರ, ಗಿಡ್ಡ ಕುದುರೆಗೆ ಒಂದಿಷ್ಟು ಆಚೀಚೆ ಆಗುತ್ತದೆ, ಆದರೆ ತಿಂಗಳಿಂದ ತಿಂಗಳಿಗೆ ಏರಿತೋ ಇಳಿಯಿತೋ ತಿಳಿಯಲು ಸಾಕು. ಜಂತುಹುಳದ ಔಷಧಿಯನ್ನೂ ಈ ತೂಕ ನೋಡಿಯೇ ಕೊಡಬೇಕು, ಅಂದಾಜಿನ ಮೇಲೆ ಅಲ್ಲ.

ಕೊಪ್ಪದಿಂದ ಒಬ್ಬ ತಾಯಿ:
ಇದು ನನಗೆ ಇಷ್ಟವಾಯಿತು. ಆದರೆ ಮಳೆಗಾಲದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಆ ಕೆಸರಿನಲ್ಲಿ, ಇಂಬಳದಲ್ಲಿ ಮಕ್ಕಳನ್ನು ಕಳಿಸಲು ನಾನಂತೂ ತಯಾರಿಲ್ಲ.

ಸಾಗರದ ದನದ ಡಾಕ್ಟ್ರು:
ಮಳೆಗಾಲದಲ್ಲಿ ಕುದುರೆಗೂ ಕಷ್ಟವೇ. ಗೊರಸಿನ ತಳದ ಮೆತ್ತನೆ ಭಾಗ ಕೊಳೆತು ನಾರುತ್ತದೆ, ಬೆನ್ನ ಮೇಲೆ ಹಕ್ಕಳೆ ಏಳುತ್ತದೆ. ಎತ್ತರದ ಒಣ ನೆಲ, ಮೇಲೆ ಗಟ್ಟಿ ಮಾಡು, ದಿನಾ ಗೊರಸು ಕೆರೆದು ತೊಳೆದು ಒರೆಸುವುದು, ಇಷ್ಟು ಆಗಬೇಕು. ಅದು ಮನೆಯವರ ಕೆಲಸ, ಮಕ್ಕಳದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಘದ ಮನೆಯಲ್ಲಿ ಪುಸ್ತಕದ ಪಾಠ, ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ರಸಪ್ರಶ್ನೆ ಇಟ್ಟುಕೊಳ್ಳಿ.

ಇನ್ನು ದೀಪಾವಳಿ ಆದ ಮೇಲೆ ಶುರು ಮಾಡಿದರೆ ಬೇರೊಂದು ತಾಪತ್ರಯ ಇದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಲ. ಕುದುರೆಯಿಂದ ಕಾಯಿಲೆ ಬರುತ್ತದೆ ಅಂತಲ್ಲ, ಕುದುರೆ ಹಿಡಿದುಕೊಂಡು ಮಕ್ಕಳು ಕಾಡಿಗೆ ಹೊಕ್ಕರೆ ಉಣುಗು ಹತ್ತುತ್ತದೆ, ಕುದುರೆ ಮೈಯಲ್ಲೂ ಮನೆಗೆ ಬರುತ್ತದೆ. ಆ ತಿಂಗಳುಗಳಲ್ಲಿ ನಡಿಗೆ ಏನಿದ್ದರೂ ಕೊಯ್ಲಾದ ಗದ್ದೆಯಲ್ಲಿ. ಸೊಪ್ಪಿನ ಬೆಟ್ಟ, ಕಾನು, ದರಕಿನ (ಒಣಗಿದ ಎಲೆಯ) ರಾಶಿ ಕಡೆ ಹೋಗಬೇಡಿ. ಕಾಯಿಲೆ ಇರುವ ಭಾಗಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ಕೊಡುತ್ತಾರೆ, ಕೇಳಿ ಇಟ್ಟುಕೊಳ್ಳಿ. ಮುಗಿದ ಮೇಲೆ ಪ್ರತಿ ಮಗುವೂ ಮನೆಗೆ ಹೋಗಿ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಿಸಬೇಕು.

ನಗರದ ಕೋಟೆ:
ಮಳೆಗಾಲ ಇಲ್ಲ, ಬೇಸಿಗೆ ಕಾಡು ಇಲ್ಲ, ಫೆಬ್ರವರಿ ಮಾರ್ಚ್ ಪರೀಕ್ಷೆ, ನವೆಂಬರ್ ಡಿಸೆಂಬರ್ ಅಡಿಕೆ ಕೊಯ್ಲು. ಉಳಿದಿದ್ದು ಯಾವುದು ಸ್ವಾಮಿ?

ಹೊಸನಗರದ ಊರುದನ:
ಭಾನುವಾರ ಬೆಳಿಗ್ಗೆ ಎರಡು ಗಂಟೆ ಉಳಿದಿದೆ. ಮಕ್ಕಳಿಗೆ ಅಷ್ಟು ಸಾಕು. ಅಡಿಕೆ ಕೊಯ್ಲಿದ್ದರೆ ಕೊಯ್ಲಾದ ತೋಟದವರೇ ತಮ್ಮ ಮಕ್ಕಳನ್ನು ಕಳಿಸಿ ಕೈ ತೊಳೆದುಕೊಳ್ಳುತ್ತಾರೆ ನೋಡಿ.

ತುಂಗಾತೀರ:
ಎಲ್ಲವನ್ನೂ ಸಂಘದಲ್ಲಿ ಓದಿ ಹೇಳಿದೆ. ಹೋಂಸ್ಟೇಯವರ ಹತ್ತಿರವೂ ಮಾತಾಡಿದೆವು. ಸವಾರಿ ಇಲ್ಲ, ಗೆಸ್ಟ್ ಇಲ್ಲ, ಫೋಟೋ ಇಲ್ಲ ಅಂದಾಗ ಮುಖ ಸ್ವಲ್ಪ ಸಣ್ಣದಾಯಿತು, ಆದರೆ ಗ್ಲ್ಯಾಂಡರ್ಸ್ ವಿಷಯ ಹೇಳಿದ ಮೇಲೆ ಅವರೇ ರಕ್ತ ಪರೀಕ್ಷೆಗೆ ಓಡಾಡುತ್ತಿದ್ದಾರೆ. ಅವರಿಗೂ ಮೊಮ್ಮಕ್ಕಳಿದ್ದಾರಲ್ಲ. ಬೇಲಿಯ ಕಣಗಿಲೆ ತೆಗೆಸಿದ್ದಾರೆ. ಒಪ್ಪಂದಕ್ಕೆ ಸಹಿ ಇನ್ನೂ ಆಗಿಲ್ಲ, ಆಗದೆ ಶುರು ಮಾಡುವುದಿಲ್ಲ.

ಒಂಬತ್ತು ಮಕ್ಕಳಿಂದ ಶುರು, ಐದನೇ ಕ್ಲಾಸ್ ಮೇಲಿನವರು. ಉಳಿದವರಿಗೆ ಊರಿನವರೇ ಒಬ್ಬರು ಎರಡು ಗಿಡ್ಡದ ಕರು ಕೊಡುತ್ತೇನೆ ಅಂದಿದ್ದಾರೆ, ಊರುದನ ಅಣ್ಣ ಖುಷಿ ಪಡಿ. ಅಂಗನವಾಡಿ ಟೀಚರ್ ಅಕ್ಕ ಜೊತೆಗಿರಲು ಒಪ್ಪಿದ್ದಾರೆ. ಪುಸ್ತಕಕ್ಕೆ ಇನ್ನೂರು ಪುಟದ ನೋಟ್‌ಬುಕ್ಕೇ ಸಾಕು ಅಂತ ತೀರ್ಮಾನ ಆಯಿತು, ಕೊನೆಗೆ ಶಾಲೆ ಮೈದಾನದಲ್ಲಿ ಒಂದು ಅಡೆತಡೆ ಓಟ. ಅಂಕ ಪುಸ್ತಕಕ್ಕೆ ಅರ್ಧ, ನಡೆಸುವುದಕ್ಕೆ ಅರ್ಧ. ಟಿಕೆಟ್ ಇಲ್ಲ, ಬರೀ ಅಪ್ಪ ಅಮ್ಮಂದಿರು.

ಒಂದೇ ಬಾಕಿ. ಇಷ್ಟು ಚಿಕ್ಕ ಮುಖಕ್ಕೆ ಹಾಲ್ಟರ್ (ಹಿಡಿದು ನಡೆಸಲು ತಲೆಗೆ ಕಟ್ಟುವ ಪಟ್ಟಿ) ಎಲ್ಲಿ ಸಿಗುತ್ತದೆ? ಆನ್‌ಲೈನಿನಲ್ಲಿ ಎಲ್ಲ ದೊಡ್ಡ ಕುದುರೆಯದ್ದು.

ಭದ್ರಾವತಿ ಜಟಕಾ:
ಕೊಳ್ಳಬೇಡಿ. ಮೆತ್ತನೆ ಹತ್ತಿ ಹಗ್ಗದಲ್ಲಿ ನಾನೇ ಹೆಣೆದು ಕೊಡುತ್ತೇನೆ, ನೈಲಾನ್ ಬೇಡ, ಉಜ್ಜಿ ಗಾಯ ಮಾಡುತ್ತದೆ. ಮೂಗಿನ ಸುತ್ತಳತೆ, ಕಿವಿ ಹಿಂದಿನಿಂದ ಬಾಯಿ ಮೂಲೆವರೆಗಿನ ಉದ್ದ, ಗಂಟಲ ಸುತ್ತ, ಮೂರೂ ಕುದುರೆಯದ್ದು ಬೇರೆ ಬೇರೆ ಅಳೆದು ಕಳಿಸಿ. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ಹೋಗಬೇಕು. ಮೇಯಲು ಬಿಡುವಾಗ ಬಿಚ್ಚಿಬಿಡಿ, ಬೇಲಿಗೆ ಸಿಕ್ಕಿಕೊಂಡರೆ ಕತ್ತು ಮುರಿದುಕೊಳ್ಳುತ್ತವೆ.

ಸಾಗರದ ದನದ ಡಾಕ್ಟ್ರು:
ರಕ್ತದ ವರದಿ ಬಂದ ಮೇಲೆ ನನಗೊಂದು ಮೆಸೇಜ್ ಹಾಕಿ. ಮೊದಲನೇ ಭಾನುವಾರ ಆ ಕಡೆ ಬರುತ್ತೇನೆ, ಹಲ್ಲು ನೋಡಿ ವಯಸ್ಸು ಹೇಳುತ್ತೇನೆ. ಮೂರರಲ್ಲಿ ಗಂಡು ಇದ್ದರೆ, ಬೀಜ ಒಡೆಸಿದ್ದಾರಾ ಅಂತ ಈಗಲೇ ಕೇಳಿಡಿ. ಒಡೆಸಿಲ್ಲ ಅಂದರೆ ಆ ಒಂದನ್ನು ಮಕ್ಕಳ ಕೈಗೆ ಕೊಡಬೇಡಿ, ಎಷ್ಟೇ ಸಾಧು ಅಂತ ಹೇಳಿದರೂ.